ದೊಂದಿಯ ಸರೋವರ: ಒಜಿಬ್ವೆ ಕುಟುಂಬಗಳ ವಸಂತರಾತ್ರಿಯ ಮೀನುಬೇಟೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ, ಪೈನ್ ಕಾಡುಗಳೂ ನೂರಾರು ಸಣ್ಣ ದೊಡ್ಡ ಸರೋವರಗಳೂ ಒಂದರೊಳಗೊಂದು ಹೆಣೆದುಕೊಂಡಿರುವ ಸೀಮೆಯಲ್ಲಿ, ಲಾಕ್ ಡು ಫ್ಲಾಂಬೊ ಎಂಬ ಊರಿದೆ. ತುಪ್ಪಳದ ಚರ್ಮದ ವ್ಯಾಪಾರಕ್ಕೆಂದು ಆ ಕಡೆ ಬಂದ ಫ್ರೆಂಚರು ಇಟ್ಟ ಈ ಹೆಸರಿನ ಅರ್ಥ ‘ದೊಂದಿಯ ಸರೋವರ’ ಎಂದು. ಇರುಳಿನಲ್ಲಿ ನೀರಿನ ಮೇಲೆ ಸಾಲುಸಾಲಾಗಿ ಚಲಿಸುತ್ತಿದ್ದ ಬೆಂಕಿಯ ಬೆಳಕುಗಳನ್ನು ಕಂಡು ಅವರು ಹಾಗೆ ಕರೆದರು. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ತಮ್ಮ ಭಾಷೆಯಲ್ಲಿ ಅದೇ ಜಾಗವನ್ನು ವಾಸ್ವಾಗನಿಂಗ್ ಎನ್ನುತ್ತಾರೆ. ‘ವಾಸ್ವಾ’ ಎಂಬುದು ದೊಂದಿಯ ಬೆಳಕು ಹಿಡಿದು ಮೀನು ಬೇಟೆಯಾಡುವುದನ್ನು ಸೂಚಿಸುವ ಕ್ರಿಯಾಪದವಾದ್ದರಿಂದ, ಹೊರಗಿನವರು ಬೆಳಕನ್ನು ಕಂಡು ಇಟ್ಟ ಹೆಸರಿಗೂ ಒಳಗಿನವರು ಕೆಲಸವನ್ನು ನೆನೆದು ಇಟ್ಟ ಹೆಸರಿಗೂ ನಡುವೆ ಸಣ್ಣದೊಂದು ಅಂತರವಿದೆ. ಈ ಪದ್ಧತಿಯ ಮುಂದಿನ ಇತಿಹಾಸವೆಲ್ಲ ಆ ಅಂತರ ಹಿಗ್ಗುತ್ತ ಹೋದ ಕಥೆಯೇ ಆಗಿದೆ. ಮಂಜುಗಡ್ಡೆ ಕರಗಿದ ಹೊಸದರಲ್ಲಿ, ಕತ್ತಲಾದ ಮೇಲೆ, ಮನೆಮಂದಿ ಮಕ್ಕಳ ಸಮೇತ ನೀರಿಗಿಳಿದು ಈಟಿಯಿಂದ ಮೀನು ತಿವಿಯುವ ಈ ಕೆಲಸವನ್ನು ಹೊರಗಿನವರು ಒಂದು ಕಾಲದಲ್ಲಿ ಕುತೂಹಲದ ದೃಶ್ಯವೆಂದು ಚಿತ್ರಿಸಿದರು, ಇನ್ನೊಂದು ಕಾಲದಲ್ಲಿ ಅಪರಾಧವೆಂದು ಬಗೆದು ಮಾಡಿದವರನ್ನು ಜೈಲಿಗೆ ಹಾಕಿದರು, ಮತ್ತೊಂದು ಕಾಲದಲ್ಲಿ ಒಪ್ಪಂದದ ಹಕ್ಕೆಂದು ನ್ಯಾಯಾಲಯದಲ್ಲಿ ಎತ್ತಿಹಿಡಿದರು. ಕೆಲಸ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು.

ಒಜಿಬ್ವೆಗಳನ್ನು ಸರ್ಕಾರಿ ದಾಖಲೆಗಳು ಚಿಪ್ಪೆವಾ ಎಂದೂ, ಅವರು ತಮ್ಮನ್ನು ತಾವು ಅನಿಶಿನಾಬೆ ಎಂದೂ ಕರೆಯುವುದುಂಟು. ಇವರ ವಸತಿ ಸುಪೀರಿಯರ್ ಮಹಾಸರೋವರದ ಸುತ್ತ, ಇಂದಿನ ಅಮೆರಿಕ ಮತ್ತು ಕೆನಡಾಗಳ ಎರಡೂ ಕಡೆ ಹರಡಿದೆ. ಲಾಕ್ ಡು ಫ್ಲಾಂಬೊದ ಬಣವು ಕೀಶ್ಕೆಮನ್ ಎಂಬ ಮುಖಂಡನ ಕಾಲದಲ್ಲಿ, 1745ರಲ್ಲಿ, ಈ ಸರೋವರಗಳ ದಡಕ್ಕೆ ಬಂದು ನೆಲೆಸಿತೆಂದು ಬಣದ ಪರಂಪರೆ ಹೇಳುತ್ತದೆ. ಅಮೆರಿಕದ ಕಾನೂನು ಭಾಷೆಯಲ್ಲಿ ಇವರಿಗಿರುವ ‘ಇಂಡಿಯನ್’ ಎಂಬ ಹೆಸರು ಕನ್ನಡ ಓದುಗರಿಗೆ ಗೊಂದಲ ತರುವಂಥದ್ದಾದ್ದರಿಂದ ಇಲ್ಲಿ ಅದನ್ನು ಕೈಬಿಡಲಾಗಿದೆ.

ಈ ಬೇಟೆಗೆ ವಸಂತವೇ ಏಕೆ, ರಾತ್ರಿಯೇ ಏಕೆ ಎಂಬುದಕ್ಕೆ ಉತ್ತರ ಮೀನಿನ ಸ್ವಭಾವದಲ್ಲಿದೆ. ವಸಂತವೆಂದರೆ ಕನ್ನಡಿಗರ ಕಣ್ಣಿಗೆ ಮಾವು ಚಿಗುರುವ, ಬಿಸಿಲೇರುವ ಕಾಲ. ಉತ್ತರ ವಿಸ್ಕಾನ್ಸಿನ್‌ನಲ್ಲಿಯಾದರೋ ಅದು ಚಳಿಗಾಲವಿಡೀ ಗಾಜಿನಂತೆ ಮುಚ್ಚಿಕೊಂಡಿದ್ದ ಸರೋವರದ ಹಿಮಗಡ್ಡೆ ದಡದಿಂದ ಬಿಟ್ಟು, ಒಡೆದು, ಗಾಳಿಗೆ ತೇಲಿಹೋಗುವ ಕಾಲ, ಸಾಮಾನ್ಯವಾಗಿ ಏಪ್ರಿಲ್ ತಿಂಗಳ ನಡುವಿನಿಂದ ಮೇ ತಿಂಗಳ ಮೊದಲ ದಿನಗಳವರೆಗೆ. ನೀರು ಇನ್ನೂ ಕೈ ಕೊರೆಯುವಷ್ಟು ತಣ್ಣಗಿರುವಾಗಲೇ, ಅಂದರೆ ಐದರಿಂದ ಹತ್ತು ಡಿಗ್ರಿ ಸೆಲ್ಸಿಯಸ್‌ನ ಒಳಗೇ, ವಾಲೈ ಎಂಬ ಮೀನು ಮೊಟ್ಟೆಯಿಡಲು ಆಳದಿಂದ ದಡದ ಕಡೆಗೆ ಬರುತ್ತದೆ. ಒಜಿಬ್ವೆ ಭಾಷೆಯಲ್ಲಿ ‘ಓಗಾ’ ಎನಿಸಿಕೊಳ್ಳುವ ಈ ಮೀನು ಪರ್ಚ್ ಕುಟುಂಬಕ್ಕೆ ಸೇರಿದ, ಹೊಂಬಣ್ಣ ಮಿಶ್ರಿತ ಕಂದು ಮೈಯ, ಬಿಳಿ ಮಾಂಸದ ಬೇಟೆಗಾರ ಮೀನು. ಇದು ಗೂಡು ಕಟ್ಟುವುದಿಲ್ಲ, ಮರಿಗಳನ್ನು ಕಾಯುವುದೂ ಇಲ್ಲ. ಅಲೆ ತೊಳೆದ ಉರುಟುಗಲ್ಲಿನ ಮೇಲೆ, ಮೊಣಕಾಲುದ್ದದಿಂದ ಎದೆಮಟ್ಟದವರೆಗಿನ ನೀರಿನಲ್ಲಿ, ರಾತ್ರಿಯ ಹೊತ್ತು ಮೊಟ್ಟೆ ಚೆಲ್ಲಿ ಮರಳುತ್ತದೆ. ಗಂಡುಗಳು ಮೊದಲು ಬಂದು ಹಲವು ರಾತ್ರಿ ದಡದಲ್ಲೇ ಸುಳಿದಾಡುತ್ತವೆ, ಹೆಣ್ಣುಗಳು ತಡವಾಗಿ ಬಂದು ಬೇಗನೆ ಆಳಕ್ಕೆ ಹಿಂದಿರುಗುತ್ತವೆ. ಆದ್ದರಿಂದ ಈಟಿಗೆ ಸಿಕ್ಕುವ ಮೀನುಗಳಲ್ಲಿ ಬಹುಪಾಲು ಗಂಡುಗಳೇ ಆಗಿರುತ್ತವೆ. ಈ ಸಣ್ಣ ಸಂಗತಿಗೆ ಮುಂದೆ ದೊಡ್ಡ ರಾಜಕೀಯ ತೂಕ ಬಂದಿತು.

ಇನ್ನು ಬೆಳಕಿನ ವಿಷಯ. ಮಬ್ಬಿನಲ್ಲಿ ಓಡಾಡುವ ಹಲವು ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಎರಚುವ ಕನ್ನಡಿಯಂಥ ಪದರವೊಂದಿರುತ್ತದೆ. ರಾತ್ರಿ ದಾರಿಯಲ್ಲಿ ದನದ ಕಣ್ಣೋ ಬೆಕ್ಕಿನ ಕಣ್ಣೋ ದೀಪಕ್ಕೆ ಹೊಳೆಯುವುದು ಇದರಿಂದಲೇ. ವಾಲೈ ಮೀನಿನಲ್ಲಿ ಈ ಪದರ ಬಹಳ ಬಲವಾಗಿದ್ದು, ದೊಂದಿಯ ಬೆಳಕು ನೀರಿನೊಳಗೆ ಬಿದ್ದೊಡನೆ ಕಲ್ಲುಗಳ ನಡುವೆ ಅದರ ಕಣ್ಣುಗಳು ಕೆಂಡದ ಚುಕ್ಕೆಗಳಂತೆ ಕಾಣುತ್ತವೆ. ಬೇಟೆಗಾರ ನೋಡುವುದು ಮೀನನ್ನಲ್ಲ, ಕಣ್ಣನ್ನು. ಗಾಳಿಯೆದ್ದು ನೀರಿನ ಮೇಲ್ಮೈ ಮುರಿದರೆ ಕಣ್ಣುಗಳು ಮರೆಯಾಗುತ್ತವೆ, ಆದ್ದರಿಂದ ನಿಶ್ಚಲವಾದ ರಾತ್ರಿಗಾಗಿ ಕಾಯಬೇಕು. ಮೀನು ಹೀಗೆ ದಡಕ್ಕೆ ಬರುವುದು ಒಂದು ಸರೋವರದಲ್ಲಿ ಒಂದೆರಡು ವಾರ ಮಾತ್ರವಾದ್ದರಿಂದ ವರ್ಷಕ್ಕೆ ಸಿಗುವ ಒಳ್ಳೆಯ ರಾತ್ರಿಗಳು ಬೆರಳೆಣಿಕೆಯಷ್ಟು. ನೀರು ಬೆಳಕನ್ನು ಬಾಗಿಸುವುದರಿಂದ ಮೀನು ಕಂಡ ಜಾಗದಲ್ಲಿರದೆ ಅದಕ್ಕಿಂತ ತುಸು ಕೆಳಗಿರುತ್ತದೆ ಎಂಬುದನ್ನು ಕೈ ತಾನಾಗಿ ತಿಳಿಯುವವರೆಗೆ ಈಟಿ ಗುರಿ ತಪ್ಪುತ್ತಲೇ ಇರುತ್ತದೆ. ಇದು ಮಾತಿನಿಂದ ಕಲಿಸಲಾಗದ ವಿದ್ಯೆಯಾದ್ದರಿಂದ, ಕಲಿಯಬೇಕಾದ ಮಗು ದೋಣಿಯಲ್ಲೇ ಇರಬೇಕಾಗುತ್ತಿತ್ತು.

ಹಳೆಯ ಪದ್ಧತಿಯಲ್ಲಿ ದೋಣಿಯನ್ನು ಬರ್ಚ್ ಮರದ ತೊಗಟೆಯಿಂದ ಕಟ್ಟುತ್ತಿದ್ದರು. ಭಾರತದ ಪ್ರಾಚೀನ ಲಿಪಿಕಾರರು ಹಿಮಾಲಯದ ಯಾವ ಭೂರ್ಜದ ತೊಗಟೆಯ ಮೇಲೆ ಬರೆದರೋ, ಅದೇ ಕುಲಕ್ಕೆ ಸೇರಿದ ಮರ ಅದು. ಸೀಡರ್ ಮರದ ತೆಳುಪಟ್ಟಿಗಳ ಚೌಕಟ್ಟಿಗೆ ತೊಗಟೆ ಹೊದಿಸಿ, ಬೇರಿನ ದಾರದಿಂದ ಹೊಲಿದು, ಸಂದುಗಳಿಗೆ ಮರದ ಅಂಟು ಮೆತ್ತಿದ ಈ ದೋಣಿ ಹೆಗಲ ಮೇಲೆ ಹೊತ್ತು ಒಂದು ಸರೋವರದಿಂದ ಇನ್ನೊಂದಕ್ಕೆ ಸಾಗಿಸುವಷ್ಟು ಹಗುರವಾಗಿತ್ತು. ಸುರುಳಿ ಸುತ್ತಿದ ತೊಗಟೆಗೆ ಅಂಟು ಸೇರಿಸಿ ಮಾಡಿದ ದೊಂದಿ ಮೊದಲಿನದು. ಯೂರೋಪಿನ ವ್ಯಾಪಾರಿಗಳಿಂದ ಕಬ್ಬಿಣ ಸಿಗತೊಡಗಿದ ಮೇಲೆ ದೋಣಿಯ ಮುಂತುದಿಯಿಂದ ಹೊರಚಾಚುವ ಕಬ್ಬಿಣದ ಬುಟ್ಟಿ ಬಂದು, ಅದರಲ್ಲಿ ಎಣ್ಣೆಯಂಶ ತುಂಬಿದ ಪೈನ್ ಗಂಟುಗಳನ್ನು ಉರಿಸುವುದು ರೂಢಿಯಾಯಿತು. ಈಟಿಯ ಮೊನೆಯೂ ಹಾಗೆಯೇ ಎಲುಬಿನಿಂದಲೂ ತಾಮ್ರದಿಂದಲೂ ಕಬ್ಬಿಣಕ್ಕೆ ಬದಲಾಯಿತು. ಒಬ್ಬರು ಮುಂದೆ ನಿಂತು ಈಟಿ ಹಿಡಿಯುವುದು, ಇನ್ನೊಬ್ಬರು ಹಿಂದೆ ಕುಳಿತು ಹುಟ್ಟು ಹಾಕುವುದು ಕ್ರಮವಾಗಿತ್ತು. ಹುಟ್ಟು ಹಾಕುವವರು ಎಷ್ಟೋ ಸಲ ಹೆಂಡತಿಯೋ ಬೆಳೆದ ಮಗನೋ ಆಗಿರುತ್ತಿದ್ದರು. ಕೆನಡಾದ ಚಿತ್ರಕಾರ ಪಾಲ್ ಕೇನ್ 1845ರಲ್ಲಿ ವಿಸ್ಕಾನ್ಸಿನ್‌ನ ಫಾಕ್ಸ್ ನದಿಯಲ್ಲಿ ಒಜಿಬ್ವೆಗಳ ನೆರೆಯವರಾದ ಮೆನೊಮಿನಿ ಜನರು ಹೀಗೆ ಬೇಟೆಯಾಡುವುದನ್ನು ಕಂಡು ಗುರುತುಚಿತ್ರ ಬರೆದುಕೊಂಡು, ಅನಂತರ ಅದನ್ನು ತೈಲಚಿತ್ರವಾಗಿಸಿದನು. ಟೊರಾಂಟೊದ ರಾಯಲ್ ಒಂಟಾರಿಯೊ ವಸ್ತುಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಜ್ವಾಲೆಯೂ ಅದರ ನೆರಳೂ ಮುಖ್ಯವಾಗಿವೆ. ಹಿಡಿದ ಮೀನು ಯಾರ ಹೊಟ್ಟೆಗೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಕಾಣದೆ ಉಳಿದ ಆ ಭಾಗವೇ ಈ ಪದ್ಧತಿಯ ತಿರುಳು. ಒಜಿಬ್ವೆ ಕುಟುಂಬಗಳ ವರ್ಷಚಕ್ರದಲ್ಲಿ ಚಳಿಗಾಲವೆಂದರೆ ಸಣ್ಣ ಗುಂಪುಗಳಾಗಿ ಕಾಡಿನಲ್ಲಿ ಚದುರಿ ಬೇಟೆಯ ಮೇಲೆ ಬದುಕುವ ಕಾಲ. ಮಾರ್ಚ್ ಕಳೆಯುವ ಹೊತ್ತಿಗೆ ಕೂಡಿಟ್ಟದ್ದು ಮುಗಿದು ಹಸಿವು ಹತ್ತಿರವಾಗುತ್ತಿತ್ತು. ಆಗ ಕುಟುಂಬಗಳು ಮೇಪಲ್ ತೋಪುಗಳಲ್ಲಿ ಸೇರಿ, ಮರಕ್ಕೆ ಕಚ್ಚು ಹಾಕಿ ರಸ ಇಳಿಸಿ, ಅದನ್ನು ಕುದಿಸಿ ಸಕ್ಕರೆ ಮಾಡುತ್ತಿದ್ದವು. ಏಪ್ರಿಲ್ ತಿಂಗಳಿಗೆ ಅವರ ಭಾಷೆಯಲ್ಲಿರುವ ಹೆಸರಿನ ಅರ್ಥವೇ ‘ರಸ ಕುದಿಸುವ ಚಂದ್ರ’ ಎಂದು. ರಸ ನಿಲ್ಲುವುದಕ್ಕೂ ಹಿಮಗಡ್ಡೆ ಒಡೆಯುವುದಕ್ಕೂ ಹೆಚ್ಚು ಅಂತರವಿರದೆ, ಅಲ್ಲಿಂದ ನೇರವಾಗಿ ಸರೋವರದ ದಡಕ್ಕೆ ಬಿಡಾರ ಸಾಗುತ್ತಿತ್ತು. ಅನಂತರ ಬೇಸಿಗೆಯ ಹಣ್ಣುಗಳು, ಶರತ್ಕಾಲದ ಆರಂಭದಲ್ಲಿ ಸರೋವರದ ಕಾಡುಭತ್ತದ ಕುಯಿಲು, ಮತ್ತೆ ಬೇಟೆ. ಮೀನನ್ನು ಸೀಳಿ, ಹೊಗೆಯಲ್ಲಿ ಒಣಗಿಸಿ ಕೂಡಿಡುವುದೂ, ಬಾಸ್‌ವುಡ್ ಮರದ ನಾರಿನಿಂದ ದಾರ ಹೊಸೆಯುವುದೂ, ಬಲೆ ಹೆಣೆಯುವುದೂ ಹೆಂಗಸರ ಕೆಲಸಗಳು. ಎಂದರೆ ಈಟಿ ಹಿಡಿದವನ ಒಂದು ರಾತ್ರಿಯ ಹಿಂದೆ ಮನೆಯ ಹೆಂಗಸರ ಹಲವು ಹಗಲುಗಳಿದ್ದವು.

ಮಗುವಿಗೂ ಇದರಲ್ಲಿ ಗೊತ್ತಾದ ಜಾಗವಿತ್ತು. ಹಸುಗೂಸನ್ನು ಟಿಕಿನಾಗನ್ ಎಂಬ ತೊಟ್ಟಿಲಹಲಗೆಗೆ ಕಟ್ಟಿ, ಬಿಡಾರದ ಮರಕ್ಕೆ ಒರಗಿಸಿಯೋ ಬೆನ್ನಿಗೆ ಹೊತ್ತೋ ಇರುತ್ತಿದ್ದರು; ನಡೆಯಬಲ್ಲ ಮಗು ಸೌದೆಗೂ ದಡಕ್ಕೂ ಓಡಾಡುತ್ತಿತ್ತು; ಸುಮ್ಮನೆ ಕುಳಿತಿರಲು ಕಲಿತ ಮಗುವಿಗೆ ದೋಣಿಯಲ್ಲಿ ಜಾಗ ಸಿಗುತ್ತಿತ್ತು. ಸುಮ್ಮನಿರುವುದೇ ಮೊದಲ ಪಾಠ. ಮಗು ತನ್ನ ಕೈಯಾರೆ ಮೊದಲ ಬಾರಿಗೆ ಮೀನನ್ನೋ ಮೊಲವನ್ನೋ ಹಕ್ಕಿಯನ್ನೋ ಹಿಡಿದಾಗ, ಅದು ಎಷ್ಟೇ ಚಿಕ್ಕದಿರಲಿ, ಮನೆಯವರು ಹಿರಿಯರನ್ನು ಕರೆದು ಔತಣ ಮಾಡುತ್ತಿದ್ದರು. ಆ ಬೇಟೆಯ ಮಾಂಸ ಬಂದವರಿಗೆ ಹಂಚಿಹೋಗುತ್ತಿತ್ತು, ಹಿಡಿದ ಮಗು ಎಲ್ಲರಿಗಿಂತ ಮೊದಲು ತಾನು ತಿನ್ನುವಂತಿರಲಿಲ್ಲ. ಬಣದಿಂದ ಬಣಕ್ಕೆ ವಿವರ ಬದಲಾದರೂ ಬೇಟೆಗಾರ ಹಂಚುವವನಾಗಬೇಕೆಂಬ ಈ ಮೊದಲ ಬೇಟೆಯ ಔತಣ ಇಂದಿಗೂ ಉಳಿದಿದೆ. ಈ ಬಗೆಯ ಗೃಹಾಚರಣೆಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದಿಟ್ಟವರಲ್ಲಿ ಫ್ರಾನ್ಸೆಸ್ ಡೆನ್ಸ್‌ಮೋರ್ ಮುಖ್ಯರು. ಹಾಡುಗಳನ್ನು ಧ್ವನಿಮುದ್ರಿಸಲು ಲಾಕ್ ಡು ಫ್ಲಾಂಬೊಗೂ ಹೋಗಿದ್ದ ಅವರು ‘ಚಿಪ್ಪೆವಾ ಕಸ್ಟಮ್ಸ್’ ಎಂಬ ಗ್ರಂಥವನ್ನು 1929ರಲ್ಲಿ ಪ್ರಕಟಿಸಿದರು. ಅವರು ಬರೆದುಕೊಂಡದ್ದು ಅಳಿದುಹೋಗುತ್ತಿರುವುದರ ದಾಖಲೆ ಎಂಬ ಭಾವದಿಂದ. ಆ ಭಾವ ತಪ್ಪಾಗಿತ್ತು.

ಈ ಬೇಟೆಗೆ ಕಾನೂನಿನ ಸೋಂಕು ತಗುಲಿದ್ದು 1837ರಲ್ಲಿ. ಆ ವರ್ಷದ ಜುಲೈ ತಿಂಗಳಲ್ಲಿ, ಇಂದಿನ ಮಿನೆಸೋಟ ರಾಜ್ಯದ ಫೋರ್ಟ್ ಸ್ನೆಲಿಂಗ್ ಬಳಿ, ವಿಸ್ಕಾನ್ಸಿನ್ ಪ್ರಾಂತದ ಗವರ್ನರ್ ಹೆನ್ರಿ ಡಾಡ್ಜ್ ಒಜಿಬ್ವೆ ಮುಖಂಡರ ಸಭೆ ಕರೆದನು. ಸರ್ಕಾರಕ್ಕೆ ಬೇಕಾಗಿದ್ದುದು ಪೈನ್ ಮರ. ಮುಖಂಡರಲ್ಲೊಬ್ಬನಾದ ಮಘೆಗಾಬೊ ಮಾತಿನ ನಡುವೆ ಓಕ್ ಮರದ ಒಂದು ರೆಂಬೆಯನ್ನು ಗವರ್ನರನ ಮುಂದಿಟ್ಟು, ಈ ಮರ ತಮಗಿರಲಿ ಎಂದನೆಂದು ಸಭೆಯ ನಡಾವಳಿ ಹೇಳುತ್ತದೆ. ಸರ್ಕಾರ ಬಯಸಿದ್ದು ಸೂಜಿ ಎಲೆಯ ಪೈನನ್ನು, ಉಳಿಸಿಕೊಳ್ಳಲು ಇವರು ಬಯಸಿದ್ದು ಎಲೆ ಉದುರಿಸುವ ಮರಗಳನ್ನೂ ನೀರನ್ನೂ, ಅಂದರೆ ಸಕ್ಕರೆಯನ್ನೂ ಮೀನನ್ನೂ ಕಾಡುಭತ್ತವನ್ನೂ ಕೊಡುವಂಥವನ್ನು, ಎಂದು ಆ ರೆಂಬೆಯನ್ನು ಅರ್ಥಮಾಡುವುದು ಸಮಂಜಸವಾಗಿ ತೋರುತ್ತದೆ. ಒಪ್ಪಂದದ ಐದನೆಯ ವಿಧಿಯಲ್ಲಿ, ಬಿಟ್ಟುಕೊಟ್ಟ ನೆಲದ ನದಿ ಸರೋವರಗಳಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕುಯ್ಯುವ ಸೌಲಭ್ಯವು ಅಧ್ಯಕ್ಷನ ಇಚ್ಛೆ ಇರುವವರೆಗೆ ಅವರಿಗೆ ಉಂಟೆಂದು ಬರೆಯಲಾಯಿತು. ‘ಇಚ್ಛೆ ಇರುವವರೆಗೆ’ ಎಂಬ ಮಾತು ಒಜಿಬ್ವೆ ಭಾಷೆಗೆ ಹೇಗೆ ಅನುವಾದವಾಯಿತು, ಕೇಳಿದವರು ಅದನ್ನು ಏನೆಂದು ತಿಳಿದರು ಎಂಬುದರ ಮೇಲೆ ನೂರೈವತ್ತು ವರ್ಷಗಳ ಬಳಿಕವೂ ವಕೀಲರು ವಾದ ಮಾಡಿದರು. 1842ರಲ್ಲಿ ಲಾ ಪಾಯಿಂಟ್ ಎಂಬಲ್ಲಿ ನಡೆದ ಎರಡನೆಯ ಒಪ್ಪಂದದಿಂದ ತಾಮ್ರದ ಅದಿರಿರುವ ಉತ್ತರದ ನೆಲವೂ ಸರ್ಕಾರದ ಪಾಲಾಯಿತು. ಅದರಲ್ಲೂ ಬೇಟೆಯ ಹಕ್ಕಿನ ಮಾತಿತ್ತು.

1850ರಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಆ ಸೌಲಭ್ಯವನ್ನು ಹಿಂತೆಗೆದುಕೊಂಡು ಒಜಿಬ್ವೆಗಳನ್ನು ಪಶ್ಚಿಮಕ್ಕೆ ಸಾಗಿಸುವಂತೆ ಆಜ್ಞೆ ಹೊರಡಿಸಿದನು. ಅದನ್ನು ಜಾರಿಗೆ ತರುವ ಹಂಚಿಕೆಯಾಗಿ ಅಧಿಕಾರಿಗಳು ವಾರ್ಷಿಕ ಹಣವನ್ನೂ ದಿನಸಿಯನ್ನೂ ಹಂಚುವ ಜಾಗವನ್ನು ಮಿನೆಸೋಟದ ಸ್ಯಾಂಡಿ ಲೇಕ್‌ಗೆ ಬದಲಿಸಿದರು. ಚಳಿ ಆರಂಭವಾಗುವ ಹೊತ್ತಿಗೆ ಅಲ್ಲಿಗೆ ಹೋದ ಸಾವಿರಾರು ಜನರಿಗೆ ಹಣ ಸಿಗಲಿಲ್ಲ, ಸಿಕ್ಕ ಅಲ್ಪಸ್ವಲ್ಪ ದಿನಸಿ ಕೆಟ್ಟಿತ್ತು. ರೋಗದಿಂದ, ಹಸಿವಿನಿಂದ, ಹಿಂದಿರುಗುವ ದಾರಿಯ ಹಿಮದಿಂದ ಸುಮಾರು 400 ಮಂದಿ ಸತ್ತರು. 1852ರಲ್ಲಿ ತೊಂಬತ್ತು ದಾಟಿದ್ದ ಮುಖಂಡ ಕೆಚೆವೈಶ್ಕೆ, ಇಂಗ್ಲಿಷಿನಲ್ಲಿ ಚೀಫ್ ಬಫಲೊ, ತೊಗಟೆಯ ದೋಣಿಯಲ್ಲಿ ಹೊರಟು ವಾಷಿಂಗ್ಟನ್ ತಲುಪಿ, ಟೇಲರನ ಉತ್ತರಾಧಿಕಾರಿ ಫಿಲ್ಮೋರ್ ಆ ಆಜ್ಞೆಯನ್ನು ಕೈಬಿಡುವಂತೆ ಮಾಡಿದನು. 1854ರ ಒಪ್ಪಂದದಿಂದ ಲಾಕ್ ಡು ಫ್ಲಾಂಬೊ ಸೇರಿದಂತೆ ನಾಲ್ಕು ಮೀಸಲು ಪ್ರದೇಶಗಳು ವಿಸ್ಕಾನ್ಸಿನ್‌ನೊಳಗೆ ಏರ್ಪಟ್ಟವು. ಮೀಸಲು ಪ್ರದೇಶವೆಂದರೆ ಬಣಕ್ಕೆಂದು ಬಿಟ್ಟ ನೆಲ; ಅದರ ಹೊರಗಿನ, ಬಿಟ್ಟುಕೊಟ್ಟ ಸರೋವರಗಳಲ್ಲಿ ಮೀನು ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಆಗ ಯಾರೂ ಎತ್ತಲಿಲ್ಲ, ಏಕೆಂದರೆ ಹಿಡಿಯುವವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಪ್ರಶ್ನೆಯಾದದ್ದು ರಾಜ್ಯ ಸರ್ಕಾರ ಬೇಟೆಗೂ ಮೀನಿಗೂ ಕಾಲಮಿತಿ, ಪರವಾನಗಿಗಳನ್ನು ವಿಧಿಸತೊಡಗಿದಾಗ. 1908ರಲ್ಲಿ ಮಾರಿನ್ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ ವಿಸ್ಕಾನ್ಸಿನ್‌ನ ಸರ್ವೋಚ್ಚ ನ್ಯಾಯಾಲಯವು, 1848ರಲ್ಲಿ ವಿಸ್ಕಾನ್ಸಿನ್ ರಾಜ್ಯವಾದೊಡನೆ ಒಪ್ಪಂದದ ಹಕ್ಕುಗಳು ಅಳಿದುಹೋದವೆಂದೂ, ಮೀಸಲು ಪ್ರದೇಶದ ಹೊರಗೆ ಒಜಿಬ್ವೆಗಳೂ ಎಲ್ಲರಂತೆ ರಾಜ್ಯದ ಕಾನೂನಿಗೆ ಒಳಪಟ್ಟವರೆಂದೂ ತೀರ್ಪಿತ್ತಿತು. ರಾಜ್ಯದ ಕಾನೂನಿನಲ್ಲಿ ಮೊಟ್ಟೆಯಿಡುವ ಕಾಲದಲ್ಲಿ ವಾಲೈ ಹಿಡಿಯುವುದೂ ಅಪರಾಧ, ಅದನ್ನು ಈಟಿಯಿಂದ ತಿವಿಯುವುದೂ ಅಪರಾಧ. ಪೈನ್ ಕಾಡು ಕಡಿದು ಮುಗಿದು, ರೈಲು ಬಂದು, ಷಿಕಾಗೊ ಮಿಲ್ವಾಕಿಗಳ ಸಿರಿವಂತರಿಗೆ ಈ ಸರೋವರಗಳು ಬೇಸಿಗೆಯ ವಿಹಾರತಾಣಗಳಾದಾಗ, ಲಾಕ್ ಡು ಫ್ಲಾಂಬೊದ ಗಂಡಸರು ಪ್ರವಾಸಿಗಳಿಗೆ ಮೀನಿರುವ ಜಾಗ ತೋರಿಸುವ ದೋಣಿಗಾರರಾಗಿ ಕೂಲಿಗೆ ನಿಂತರು. ಹಗಲು ಯಾವ ನೀರಿನ ಮರ್ಮ ಹೇಳಿ ಸಂಬಳ ಪಡೆಯುತ್ತಿದ್ದರೋ ಅದೇ ನೀರಿನಲ್ಲಿ ವಸಂತದ ರಾತ್ರಿ ಈಟಿ ಹಿಡಿದು ಸಿಕ್ಕಿಬಿದ್ದರೆ ಜುಲ್ಮಾನೆಯೋ ಜೈಲೋ ಕಾದಿರುತ್ತಿತ್ತು. ಸಿಕ್ಕಿಬೀಳದಂತೆ ದೀಪವನ್ನು ಅರೆಕ್ಷಣ ಹಚ್ಚಿ ಆರಿಸುವುದು, ಕಾವಲುಗಾರನ ಕಾರಿನ ಸದ್ದು ಗುರುತಿಸುವುದು, ಹಿಡಿದ ಮೀನನ್ನು ಮರುದಿನಕ್ಕೆ ಅಡಗಿಸಿಡುವುದು, ಇವೂ ವಿದ್ಯೆಯ ಅಂಗಗಳಾದವು. ತಮ್ಮ ಈ ಚಟುವಟಿಕೆಯನ್ನು ಅವರು ಇಂಗ್ಲಿಷಿನಲ್ಲಿ ‘ವಯಲೇಟಿಂಗ್’ ಎಂದರು, ಅಂದರೆ ಉಲ್ಲಂಘನೆ. ಕಾನೂನು ಹೊರಿಸಿದ ಹೆಸರನ್ನೇ ತುಸು ಗೇಲಿಯಿಂದ ತಮ್ಮದಾಗಿಸಿಕೊಂಡರು.

ಇದೇ ಕಾಲದಲ್ಲಿ ಮಗುವನ್ನು ದೋಣಿಯಿಂದ ಬೇರ್ಪಡಿಸುವ ಇನ್ನೊಂದು ವ್ಯವಸ್ಥೆಯೂ ಬಂದಿತು. ಲಾಕ್ ಡು ಫ್ಲಾಂಬೊದಲ್ಲಿ 1895ರಲ್ಲಿ ಕೇಂದ್ರ ಸರ್ಕಾರ ತೆರೆದ ವಸತಿಶಾಲೆಯಲ್ಲಿ ಮಕ್ಕಳ ಕೂದಲು ಕತ್ತರಿಸಿ, ಸಮವಸ್ತ್ರ ತೊಡಿಸಿ, ತಾಯಿನುಡಿ ಆಡಿದರೆ ಶಿಕ್ಷಿಸುವ ಕ್ರಮವಿತ್ತು. ಸಕ್ಕರೆಯ ತೋಪಿಗೂ ಈಟಿಯ ರಾತ್ರಿಗಳಿಗೂ ಸಲ್ಲುವ ತಿಂಗಳುಗಳು ಶಾಲೆಯ ತಿಂಗಳುಗಳೇ ಆಗಿದ್ದವು. ಭಾಷೆಗೆ ಆದ ಪೆಟ್ಟು ಇಂದಿಗೂ ವಾಸಿಯಾಗಿಲ್ಲ. ಈಟಿಯ ವಿದ್ಯೆ ಮಾತ್ರ ಹೇಗೋ ಉಳಿಯಿತು. ಅದಕ್ಕೆ ಮೀಸಲು ಪ್ರದೇಶದೊಳಗೆ ಸರೋವರಗಳಿದ್ದುದು ಒಂದು ಕಾರಣವಾದರೆ, ಕತ್ತಲಲ್ಲಿ, ಮಾತಿಲ್ಲದೆ, ನೋಡಿ ಕಲಿಯುವ ವಿದ್ಯೆಯಾಗಿದ್ದುದು ಇನ್ನೊಂದು ಕಾರಣವಾಗಿರಬಹುದು.

1974ರ ಮಾರ್ಚ್ 8ರಂದು ಒಜಿಬ್ವೆಗಳ ಇನ್ನೊಂದು ಬಣವಾದ ಲಾಕ್ ಕೂರ್ತ್ ಒರೇಯ್‌ನ ಫ್ರೆಡ್ ಮತ್ತು ಮೈಕ್ ಟ್ರಿಬಲ್ ಎಂಬ ಸೋದರರು ಮೀಸಲು ಪ್ರದೇಶದ ಗೆರೆ ದಾಟಿ, ಚೀಫ್ ಲೇಕ್‌ನ ಹಿಮಗಡ್ಡೆ ಕೊರೆದು, ಬೇಕೆಂದೇ ಈಟಿ ಇಳಿಬಿಟ್ಟು ಬಂಧನಕ್ಕೊಳಗಾದರು. ಬಣ ಹೂಡಿದ ದಾವೆ ಕೆಳ ನ್ಯಾಯಾಲಯದಲ್ಲಿ ಸೋತು, 1983ರ ಜನವರಿ 25ರಂದು ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಪ್ರತಿವಾದಿಯಾಗಿದ್ದ ರಾಜ್ಯದ ನಿಸರ್ಗ ಸಂಪನ್ಮೂಲ ಇಲಾಖೆಯ ಮುಖ್ಯಸ್ಥನ ಹೆಸರಿನಿಂದ ಅದು ‘ವಾಯ್ಟ್ ತೀರ್ಪು’ ಎನಿಸಿತು. ಬಿಟ್ಟುಕೊಟ್ಟ ನೆಲದಲ್ಲೂ ಹಕ್ಕು ಉಳಿದಿದೆ, ಅದು ಒಂದೂಕಾಲು ಶತಮಾನ ಸುಮ್ಮನಿದ್ದರೂ ಅಳಿದಿಲ್ಲ ಎಂಬುದು ಅದರ ಸಾರ. 1984ರಲ್ಲಿ ಬಣಗಳು ಸೇರಿ ‘ಗ್ರೇಟ್ ಲೇಕ್ಸ್ ಇಂಡಿಯನ್ ಫಿಶ್ ಅಂಡ್ ವೈಲ್ಡ್‌ಲೈಫ್ ಕಮಿಷನ್’ ಎಂಬ ಸಂಸ್ಥೆ ಕಟ್ಟಿ, ತಮ್ಮದೇ ಜೀವಶಾಸ್ತ್ರಜ್ಞರನ್ನೂ ಕಾವಲುಗಾರರನ್ನೂ ನೇಮಿಸಿಕೊಂಡವು. 1985ರ ವಸಂತದಿಂದ ಮೀಸಲು ಪ್ರದೇಶದ ಹೊರಗಿನ ಸರೋವರಗಳಲ್ಲಿ ದೀಪಗಳು ಬಹಿರಂಗವಾಗಿ ಹೊತ್ತಿದವು.

ಮುಂದಿನ ಆರು ವಸಂತಗಳು ಈ ಇತಿಹಾಸದ ಅತಿ ಕಹಿಯಾದ ಭಾಗ. ಪ್ರವಾಸಿಗಳ ಮೀನು ಹೋಯಿತು, ಊರಿನ ವ್ಯಾಪಾರ ಮುಳುಗಿತು ಎಂಬ ಭಯವನ್ನು ಹಳೆಯ ಜನಾಂಗದ್ವೇಷದೊಡನೆ ಬೆರೆಸಿ ‘ಪ್ರೊಟೆಕ್ಟ್ ಅಮೆರಿಕನ್ಸ್ ರೈಟ್ಸ್ ಅಂಡ್ ರಿಸೋರ್ಸಸ್’, ‘ಸ್ಟಾಪ್ ಟ್ರೀಟಿ ಅಬ್ಯೂಸ್’ ಎಂಬ ಸಂಘಟನೆಗಳು ಹುಟ್ಟಿದವು; ಎರಡನೆಯದರ ಮುಂದಾಳು ಚಳವಳಿಯ ಖರ್ಚಿಗೆಂದು ‘ಟ್ರೀಟಿ ಬಿಯರ್’ ಎಂಬ ಬಿಯರನ್ನೂ ಮಾರಿದನು. 1987ರಲ್ಲಿ ಬಟರ್‌ನಟ್ ಸರೋವರದ ದೋಣಿಗಟ್ಟೆಯಲ್ಲಿ ಆರಂಭವಾದ ದೊಡ್ಡ ಘರ್ಷಣೆ 1989, 1990ರ ಹೊತ್ತಿಗೆ ರಾತ್ರಿಗೆ ಸಾವಿರಾರು ಜನ ಸೇರುವ ಮಟ್ಟಕ್ಕೆ ಬೆಳೆಯಿತು. ನೀರಿಗಿಳಿಯುವ ಕುಟುಂಬಗಳ ಮೇಲೆ ಕಲ್ಲು ಬಿದ್ದವು, ಕವಣೆಯಿಂದ ಉಕ್ಕಿನ ಗುಂಡುಗಳು ಹಾರಿದವು, ವೇಗದ ದೋಣಿಗಳು ಬೇಕೆಂದೇ ಅಲೆಯೆಬ್ಬಿಸಿ ಈಟಿ ಹಿಡಿದು ನಿಂತವರನ್ನು ಉರುಳಿಸಲು ನೋಡಿದವು. ಒಂದು ಮೀನು ಉಳಿಸಲು ಒಬ್ಬ ಮೂಲನಿವಾಸಿಯನ್ನು ತಿವಿಯಿರಿ ಎಂಬರ್ಥದ ಫಲಕಗಳನ್ನು ಚಿಕ್ಕ ಮಕ್ಕಳ ಕಣ್ಣೆದುರಿಗೇ ಎತ್ತಿ ಹಿಡಿಯಲಾಯಿತು. ಗಂಡಸರು ನೀರಿನ ಮೇಲಿರುವಾಗ ದಡದಲ್ಲಿ ಡೋಲು ಬಾರಿಸುತ್ತ, ಹಾಡುತ್ತ ನಿಲ್ಲುತ್ತಿದ್ದವರಲ್ಲಿ ಹೆಂಗಸರೂ ಮಕ್ಕಳೂ ಅಜ್ಜಿಯರೂ ಇದ್ದರು; ಅವರ ಪಕ್ಕದಲ್ಲಿ, ನಡೆದದ್ದನ್ನು ಬರೆದುಕೊಳ್ಳಲೆಂದೇ ಬಂದ ಬಿಳಿಯ ಸ್ವಯಂಸೇವಕರು ‘ಸಾಕ್ಷಿ’ಗಳಾಗಿ ನಿಂತರು. ಟಾಮ್ ಮಾಲ್ಸನ್ ಮೊದಲಾದವರು ಕಟ್ಟಿದ ಲಾಕ್ ಡು ಫ್ಲಾಂಬೊ ಬಣದ ಸಂಘಕ್ಕೆ ‘ವಾ-ಸ್ವಾ-ಗನ್’ ಎಂದೇ ಹೆಸರು. ಹಳೆಯ ಕ್ರಿಯಾಪದ ಹೀಗೆ ಚಳವಳಿಯ ಹೆಸರಾಯಿತು.

ಈಟಿ ಹಿಡಿಯುವುದಾದರೆ ತೊಗಟೆಯ ದೋಣಿಯಲ್ಲಿ, ಪೈನ್ ಗಂಟಿನ ಬೆಳಕಿನಲ್ಲಿ ಹಿಡಿಯಲಿ, ಅಲ್ಯೂಮಿನಿಯಂ ದೋಣಿ, ಮೋಟಾರು, ಬ್ಯಾಟರಿ ದೀಪಗಳು ಸಂಪ್ರದಾಯವೇ ಎಂಬುದು ಪ್ರತಿಭಟನೆಯವರ ಮೆಚ್ಚಿನ ವಾದವಾಗಿತ್ತು. ನ್ಯಾಯಾಧೀಶ ಜೇಮ್ಸ್ ಡಾಯ್ಲ್ 1987ರಲ್ಲೇ ಅದನ್ನು ತಳ್ಳಿಹಾಕಿ, ಹಕ್ಕು ಇರುವುದು ಮೀನಿನ ಮೇಲೆ, ಉಪಕರಣದ ಮೇಲಲ್ಲ ಎಂಬ ನಿಲುವು ತಳೆದಿದ್ದನು. ಹಾಗೆ ವಾದಿಸಿದವರ ದೋಣಿಗಳಿಗೂ ಮೋಟಾರು ಇದ್ದುದು ಅವರಿಗೆ ವಿಚಿತ್ರವೆನಿಸಲಿಲ್ಲ. 1989ರಲ್ಲಿ ರಾಜ್ಯ ಸರ್ಕಾರ ಆ ವಸಂತದ ಬೇಟೆಯನ್ನೇ ನಿಲ್ಲಿಸುವಂತೆ ಕೋರಿದಾಗ ನ್ಯಾಯಾಧೀಶೆ ಬಾರ್ಬರಾ ಕ್ರಾಬ್ ಒಪ್ಪಲಿಲ್ಲ. ಕಾನೂನು ಪಾಲಿಸುತ್ತಿರುವವರ ಹಕ್ಕನ್ನು ಕಾನೂನು ಮುರಿಯುವವರ ಗಲಾಟೆಗಾಗಿ ಕಸಿಯಲಾಗದು ಎಂಬುದು ಅವರ ತರ್ಕದ ಧಾಟಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಹಕ್ಕನ್ನು ಹತ್ತು ವರ್ಷ ಚಲಾಯಿಸದಿದ್ದರೆ ಕೋಟ್ಯಂತರ ಡಾಲರು ಕೊಡುವ ರಾಜ್ಯದ ಪ್ರಸ್ತಾವವನ್ನು ಲಾಕ್ ಡು ಫ್ಲಾಂಬೊದ ಮತದಾರರು, ಬಡತನ ಕಾಡುತ್ತಿದ್ದರೂ, ತಿರಸ್ಕರಿಸಿದರು. ಹತ್ತು ವರ್ಷವೆಂದರೆ ಒಂದು ಮಗು ದೋಣಿಯಲ್ಲಿ ಕಲಿಯಬೇಕಾದ ಕಾಲವಿಡೀ ಎಂಬುದನ್ನು ನೆನೆದರೆ ಆ ಮತದ ಅರ್ಥ ಸ್ಪಷ್ಟವಾಗುತ್ತದೆ.

1991ರಲ್ಲಿ ಬಣಗಳೂ ರಾಜ್ಯವೂ ಮೇಲ್ಮನವಿ ಹೋಗದೆ ಅಂತಿಮ ತೀರ್ಪನ್ನು ಒಪ್ಪಿದವು. ಅದೇ ವರ್ಷ ಕೇಂದ್ರ, ರಾಜ್ಯ ಮತ್ತು ಬಣಗಳ ವಿಜ್ಞಾನಿಗಳು ಒಟ್ಟಾಗಿ ನಡೆಸಿದ ಸಮೀಕ್ಷೆಯ ವರದಿ ಹೊರಬಂದು, ಈಟಿಯ ಬೇಟೆಯಿಂದ ವಾಲೈ ಸಂತತಿಗೆ ಹಾನಿಯಾಗಿಲ್ಲವೆಂದು ಹೇಳಿತು. ‘ನೀರಿನ ಮೇಲೆ ಬೆಳಕು ಬೀರುವುದು’ ಎಂಬರ್ಥದ ಹೆಸರು ಆ ವರದಿಗೆ ಇದ್ದುದು ದೊಂದಿಯನ್ನು ನೆನೆದೇ ಇರಬೇಕು. ಗಾಳ ಹಾಕುವ ಪ್ರವಾಸಿಗಳು ವರ್ಷವಿಡೀ ಹಿಡಿಯುವ ಮೀನು ಈಟಿಗೆ ಸಿಗುವುದಕ್ಕಿಂತ ಹಲವು ಪಟ್ಟು ಹೆಚ್ಚೆಂಬುದೂ, ಈಟಿಗೆ ಬೀಳುವುದು ಹೆಚ್ಚಾಗಿ ಗಂಡು ಮೀನೆಂಬುದೂ ಲೆಕ್ಕದಲ್ಲಿ ಕಂಡಿತು. ಘರ್ಷಣೆಯ ಬೇರು ಅಜ್ಞಾನದಲ್ಲಿದೆ ಎಂಬ ಅರಿವಿನಿಂದ ವಿಸ್ಕಾನ್ಸಿನ್ ಶಾಸನಸಭೆ 1989ರಲ್ಲಿ ಮಾಡಿದ್ದ, ‘ಆ್ಯಕ್ಟ್ 31’ ಎಂದು ಪ್ರಸಿದ್ಧವಾದ ಕಾನೂನಿನಂತೆ, ರಾಜ್ಯದ ಶಾಲೆಗಳಲ್ಲಿ ಬಣಗಳ ಇತಿಹಾಸ, ಸಂಸ್ಕೃತಿ ಮತ್ತು ಒಪ್ಪಂದದ ಹಕ್ಕುಗಳನ್ನು ಕಲಿಸುವುದು ಕಡ್ಡಾಯವಾಯಿತು. ಒಂದು ಶತಮಾನದ ಹಿಂದೆ ಯಾವ ಶಾಲೆ ಮಗುವನ್ನು ದೋಣಿಯಿಂದ ಎಳೆದೊಯ್ದಿತ್ತೋ, ಆ ಶಾಲೆಯ ಪಠ್ಯದೊಳಗೇ ದೋಣಿ ಬಂದು ಕುಳಿತಂತಾಯಿತು.

ಈಗಿನ ಬೇಟೆ ಹಿಂದಿನದಕ್ಕಿಂತ ಹೆಚ್ಚು ಲೆಕ್ಕಪತ್ರದ್ದು. ಪ್ರತಿ ಸರೋವರದಲ್ಲಿ ಪ್ರೌಢ ವಾಲೈಗಳ ಸಂಖ್ಯೆಯನ್ನು ಅಂದಾಜು ಮಾಡಿ, ಈಟಿ ಗಾಳಗಳೆರಡೂ ಸೇರಿ ಅದರ ಶೇಕಡಾ 35ನ್ನು ಮೀರದಂತೆ ಮಿತಿ ಹಾಕುತ್ತಾರೆ. ಬಣಗಳು ತಮಗೆ ಬೇಕಾದ ಪಾಲನ್ನು ವಸಂತಕ್ಕೆ ಮೊದಲೇ ಘೋಷಿಸುತ್ತವೆ. ಪರವಾನಗಿ ಒಂದು ಸರೋವರಕ್ಕೆ, ಒಂದು ರಾತ್ರಿಗೆ ಮಾತ್ರ. 20 ಅಂಗುಲಕ್ಕಿಂತ ದೊಡ್ಡ ಮೀನುಗಳನ್ನು ಒಬ್ಬರು ಎರಡಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಏಕೆಂದರೆ ದೊಡ್ಡವು ಸಾಮಾನ್ಯವಾಗಿ ಮೊಟ್ಟೆ ತುಂಬಿದ ಹೆಣ್ಣುಗಳು. ದೋಣಿ ಮರಳಿದಾಗ ಗಟ್ಟೆಯಲ್ಲಿ ಕಾಯುತ್ತಿರುವ ಗುಮಾಸ್ತರು ಒಂದೊಂದೇ ಮೀನನ್ನು ಎಣಿಸಿ, ಅಳತೆಗೆ ತೆಗೆದುಕೊಂಡವುಗಳ ಉದ್ದವನ್ನೂ ಲಿಂಗವನ್ನೂ ಬರೆದುಕೊಳ್ಳುತ್ತಾರೆ. ಕಬ್ಬಿಣದ ಬುಟ್ಟಿಯ ಜಾಗದಲ್ಲಿ ಶಿರಸ್ತ್ರಾಣಕ್ಕೆ ಬಿಗಿದ ವಾಹನದ ದೀಪ ಬಂದಿದೆ. ನೀರಿಗಿಳಿಯುವ ಮುನ್ನ ಹೊಗೆಸೊಪ್ಪಿನ ಚಿಟಿಕೆಯನ್ನು ಸರೋವರಕ್ಕೆ ಅರ್ಪಿಸುವುದು, ಮೊದಲ ಹಿಡಿತದ ಮೀನನ್ನು ಹಿರಿಯರ ಮನೆಗಳಿಗೆ ಮುಟ್ಟಿಸುವುದು ನಡೆದೇ ಇದೆ. ದಡದಿಂದ ಬೈಗುಳವೋ ಕಲ್ಲೋ ಬರುವುದೂ ಪೂರ್ತಿ ನಿಂತಿಲ್ಲ.

ಒಪ್ಪಂದ ಬರೆದವರ ಎಣಿಕೆಯಲ್ಲಿ ಇರದಿದ್ದ ಸಮಸ್ಯೆಯೊಂದು ಮಾತ್ರ ಹೊಸದು. ಕಲ್ಲಿದ್ದಲು ಉರಿಸುವ ಸ್ಥಾವರಗಳ ಹೊಗೆಯಿಂದ ಗಾಳಿಗೆ ಸೇರಿದ ಪಾದರಸ ಮಳೆಯೊಡನೆ ಸರೋವರಕ್ಕಿಳಿದು, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತ, ವಾಲೈಯಂಥ ಬೇಟೆಗಾರ ಮೀನಿನ ಮಾಂಸದಲ್ಲಿ ಶೇಖರವಾಗುತ್ತದೆ. ಅದರಿಂದ ಹೆಚ್ಚಿನ ಅಪಾಯ ಬೆಳೆಯುವ ಮಿದುಳಿಗೆ. ಬಣಗಳ ಸಂಸ್ಥೆಯು ಪ್ರಯೋಗಾಲಯದ ಪರೀಕ್ಷೆಗಳನ್ನಾಧರಿಸಿ, ಯಾವ ಸರೋವರದ ವಾಲೈಯನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ಬಣ್ಣಗಳಲ್ಲಿ ಗುರುತಿಸಿದ ನಕ್ಷೆಗಳನ್ನು ಹಂಚುತ್ತದೆ. ಹೆರುವ ವಯಸ್ಸಿನ ಹೆಂಗಸರಿಗೂ ಹದಿನೈದರೊಳಗಿನ ಮಕ್ಕಳಿಗೂ ಸೇರಿ ಒಂದು ನಕ್ಷೆ, ಉಳಿದವರಿಗೆ ಇನ್ನೊಂದು. ಹೀಗಾಗಿ ಮಗುವಿನ ಮೊದಲ ಬೇಟೆಗೆ ಯಾವ ಸರೋವರಕ್ಕೆ ಹೋಗಬೇಕೆಂದು ನಿರ್ಧರಿಸುವಾಗ ಹಿಮಗಡ್ಡೆ ಒಡೆಯಿತೇ, ಗಾಳಿ ಅಡಗಿತೇ ಎಂದು ನೋಡುವ ಮನೆಯವರು ಈಗ ನಕ್ಷೆಯನ್ನೂ ಬಿಡಿಸಿ ನೋಡುತ್ತಾರೆ. ಆ ಔತಣಕ್ಕೆ ಎಳೆಯದಾದ, ಚಿಕ್ಕ ಮೀನೇ ಒಳ್ಳೆಯದು. ಅದರಲ್ಲಿ ಪಾದರಸ ಕಡಿಮೆ.